ನಾನು ಹಿಡಿದ ಮೊಲ

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆಯನ್ನು ನಾನು ಎಷ್ಟು ಸಲ ಪರರ ಮೇಲೆ ಪ್ರಯೋಗಿಸಿದ್ದೇನೋ ಲೆಕ್ಕವಿಲ್ಲ. ಕಚೇರಿಯ ಮೇಲಧಿಕಾರಿಗಳ ಮೇಲೆ, ಅವರ ಬೆನ್ನ ಹಿಂದೆ. ನೆಂಟರ ಮೇಲೆ, ಅವರು ಊರಿಗೆ ಹೊರಟುಹೋದ ಮೇಲೆ. ನನ್ನಾಕೆಯ ಮೇಲೆ, ಮನಸ್ಸಿನಲ್ಲಿಯೇ. ಗಾದೆಯಲ್ಲಿ ಬರುವ ಮನುಷ್ಯ ಯಾವಾಗಲೂ ಬೇರೊಬ್ಬ. ಮೊಲ ಹಿಡಿದವನೂ ನಾನೇ, ಕಾಲು ಎಣಿಸುವಾಗ ಲೆಕ್ಕ ತಪ್ಪಿದವನೂ ನಾನೇ ಆಗುವ ಪ್ರಸಂಗ ಬಂದದ್ದು ಈಚೆಗೆ.

ಹಾಗೆ ನೋಡಿದರೆ ಮೊಲದೊಡನೆ ನನಗಿದ್ದ ಪರಿಚಯವೆಲ್ಲ ಪುಸ್ತಕದ ಪರಿಚಯ. ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದನ್ನು ಪ್ರೈಮರಿ ಶಾಲೆಯಲ್ಲಿ ಓದಿ ಕುಣಿದವನು ನಾನು. ಚಂದ್ರನಿಗೆ ಶಶಿ, ಶಶಾಂಕ, ಶಶಧರ ಎಂಬ ಹೆಸರುಗಳು ಬಂದದ್ದು ಅವನ ಮೈಮೇಲಿನ ಮೊಲದ ಗುರುತಿನಿಂದ ಎಂದು ಪಂಡಿತರು ಹೇಳಿಕೊಟ್ಟಿದ್ದರು. ಜಾತಕ ಕಥೆಯಲ್ಲಿ ಅತಿಥಿಗೆ ಕೊಡಲು ಬೇರೇನೂ ಇಲ್ಲದ ಮೊಲ ತಾನೇ ಬೆಂಕಿಗೆ ಹಾರುತ್ತದೆ. ಅತಿಥಿಯ ವೇಷದಲ್ಲಿ ಬಂದಿದ್ದ ಶಕ್ರ ಅದಕ್ಕೆ ಮೆಚ್ಚಿ ಅದರ ಚಿತ್ರವನ್ನು ಚಂದ್ರನ ಮೇಲೆ ಬರೆದನಂತೆ. ವಿಜಯನಗರದ ಐತಿಹ್ಯದಲ್ಲಿ, ಬೇಟೆನಾಯಿಗಳನ್ನು ಒಂದು ಮೊಲ ತಿರುಗಿ ಅಟ್ಟಿಸಿಕೊಂಡು ಬಂದದ್ದರಿಂದಲೇ ಆ ನೆಲ ಗಂಡುಮೆಟ್ಟಿನ ನೆಲವೆಂದು ಊರು ಕಟ್ಟಿದರು. ತರ್ಕಶಾಸ್ತ್ರದವರಿಗೆ ಇಲ್ಲದ ವಸ್ತುವಿಗೊಂದು ಉದಾಹರಣೆ ಬೇಕಾದಾಗ ಸಿಕ್ಕಿದ್ದೂ ಮೊಲದ ಕೊಂಬೇ. ಇಷ್ಟೆಲ್ಲ ತಿಳಿದಿದ್ದ ನನಗೆ ಮೊಲ ಏನು ತಿನ್ನುತ್ತದೆ, ಹೇಗೆ ಹೆರುತ್ತದೆ ಎಂಬ ಎರಡು ವಿಷಯ ಮಾತ್ರ ತಿಳಿದಿರಲಿಲ್ಲ. ಉಳಿದ ಕಥೆ ನಡೆದದ್ದು ಈ ಎರಡರಿಂದಲೇ.

ನಮ್ಮ ಪುಟ್ಟಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಾಗ, ಮನೆಯಲ್ಲಿ ಒಂದು ಪ್ರಾಣಿ ಇರಲೇಬೇಕೆಂಬ ಹಟ ಹಿಡಿಯಿತು. ನಾಯಿ ಎಂದಳು. ಮೈಸೂರಿನಲ್ಲಿ ನಾವಿರುವುದು ಬಾಡಿಗೆ ಮನೆ. ಮಾಲೀಕರು ಕರಾರುಪತ್ರದಲ್ಲಿಯೇ ನಾಯಿಗೆ ಜಾಗವಿಲ್ಲವೆಂದು ಬರೆಸಿದ್ದರು. ಬೆಕ್ಕು ಎಂದಳು. "ನಾನು ಜಪ ಮಾಡಲೋ, ಹಾಲಿನ ಪಾತ್ರೆ ಕಾಯಲೋ?" ಎಂದು ನಮ್ಮ ತಾಯಿ ಕೇಳಿದರು. ಗಿಳಿ ಎಂದಳು. ನಮ್ಮ ದೇಶದ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂದು ನಾನು ವಿವರಿಸಿದೆ.

"ಹಾಗಾದರೆ ಕಾನೂನು ಬಿಡೋ ಪ್ರಾಣಿ ಯಾವುದು, ನೀನೇ ಹೇಳಪ್ಪ" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತು, "ಮೊಲ."

ಕಾನೂನಿನ ಮಟ್ಟಿಗೆ ನಾನು ಹೇಳಿದ್ದು ಅರ್ಧ ಸರಿ. ಕನ್ನಡದಲ್ಲಿ ನಾವು ಮೊಲ ಎಂಬ ಒಂದೇ ಪದದಲ್ಲಿ ಎರಡು ಬೇರೆ ಪ್ರಾಣಿಗಳನ್ನು ಕಟ್ಟಿಹಾಕಿದ್ದೇವೆ. ಹೊಲದ ಬದುವಿನಿಂದ ಚಂಗನೆ ನೆಗೆದು ಓಡುವ ನಮ್ಮ ಕಾಡುಮೊಲ ಒಂದು. ಅದನ್ನು ಹಿಡಿಯುವುದೂ ಸಾಕುವುದೂ ಅದೇ ಕಾಯಿದೆಯಂತೆ ತಪ್ಪು. ಸ್ಪೇನಿನ ಕಡೆಯ ನೆಲದಲ್ಲಿ ಬಿಲ ತೋಡಿಕೊಂಡಿದ್ದು, ಮನುಷ್ಯನ ಕೈಗೆ ಸಿಕ್ಕಿ ಲೋಕವೆಲ್ಲ ತಿರುಗಿದ ಸಾಕುಮೊಲ ಇನ್ನೊಂದು. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡು ಬರುತ್ತದೆ. ಸಾಕುಮೊಲದ ಮರಿ ಬರುವುದು ಬತ್ತಲೆಯಾಗಿ, ಕುರುಡಾಗಿ. ಈ ವ್ಯತ್ಯಾಸವೂ ಆಗ ನನಗೆ ಗೊತ್ತಿರಲಿಲ್ಲ.

ದಸರಾ ರಜದಲ್ಲಿ ಒಂದು ಬೆಳಗ್ಗೆ ಪುಟ್ಟಿಯನ್ನು ಕರೆದುಕೊಂಡು ಪೇಟೆಗೆ ಹೋದೆ. ಬಿದಿರಿನ ಬುಟ್ಟಿಯಲ್ಲಿ ಹತ್ತಿಯ ಉಂಡೆಗಳಂತೆ ಎಂಟು ಹತ್ತು ಮರಿ ಇಟ್ಟುಕೊಂಡು ಒಬ್ಬಾತ ಕುಳಿತಿದ್ದ. ಪುಟ್ಟಿ ಎರಡನ್ನು ಆರಿಸಿದಳು. ಒಂದು ಅಚ್ಚ ಬಿಳಿ, ಇನ್ನೊಂದು ಬಿಳಿಯ ಮೇಲೆ ಬೂದಿಯ ಮಚ್ಚೆ. ನನಗಿದ್ದ ಮುನ್ನೆಚ್ಚರಿಕೆ ಒಂದೇ. "ಎರಡೂ ಒಂದೇ ಜಾತಿ ಇರಬೇಕಯ್ಯ. ಒಂದು ಗಂಡು ಒಂದು ಹೆಣ್ಣು ಬೇಡ" ಎಂದೆ. ಆತ ಎರಡನ್ನೂ ಒಂದೊಂದಾಗಿ ಎತ್ತಿ, ಮಗುಚಿ, ಬೆರಳಿನಿಂದ ಒತ್ತಿ ನೋಡಿ, "ಎರಡೂ ಗಂಡೇ ಸ್ವಾಮಿ, ತಾಯಾಣೆಗೂ" ಎಂದ. ನಾನೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವುದಾದರೂ ಹೇಗೆ? ಮಗಳು ಪಕ್ಕದಲ್ಲಿದ್ದಾಳೆ. "ಹೌದು, ಗಂಡೇ" ಎಂದು ನನ್ನ ಮುದ್ರೆಯನ್ನೂ ಒತ್ತಿದೆ.

ಎರಡೂ ಗಂಡು ಎಂದಮೇಲೆ ಹೆಸರು ಹುಡುಕುವುದು ಕಷ್ಟವಾಗಲಿಲ್ಲ. ಬಿಳಿಯದು ಲವ, ಮಚ್ಚೆಯದು ಕುಶ.

ಹಿತ್ತಲಲ್ಲಿ, ಪಾರಿಜಾತದ ನೆರಳಿನಲ್ಲಿ, ಹಳೆಯ ಮರದ ಪೆಟ್ಟಿಗೆಗೆ ತಂತಿಬಲೆ ಹೊಡೆಸಿ ಒಂದು ಗೂಡು ಮಾಡಿಸಿದೆವು. ಮೊದಲ ದಿನವೇ ಪುಟ್ಟಿ ಅರ್ಧ ಕಿಲೋ ಕ್ಯಾರೆಟ್ ತರಿಸಿದಳು. ಚಿತ್ರಪುಸ್ತಕದ ಮೊಲಗಳೆಲ್ಲ ಕ್ಯಾರೆಟ್ ಹಿಡಿದೇ ನಿಂತಿರುತ್ತವಲ್ಲ! ಆಮೇಲೆ ಓದಿದಾಗ ತಿಳಿಯಿತು, ಕ್ಯಾರೆಟ್ ಮೊಲಕ್ಕೆ ಮಿಠಾಯಿಯಂತೆ, ಎಂದಾದರೊಮ್ಮೆ ಒಂದು ಚೂರು ಸಾಕು; ಅದರ ನಿಜವಾದ ಅನ್ನ ಹುಲ್ಲು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ನಾಲ್ಕು ಅಂಗುಲದಷ್ಟು. ಒರಟು ಹುಲ್ಲನ್ನು ಅಗಿದು ಅಗಿದು ಸವೆಸಿಕೊಳ್ಳದಿದ್ದರೆ ಹಲ್ಲೇ ಅದಕ್ಕೆ ಶತ್ರು. ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಆ ಪ್ರಾಣಿಗಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಆದ್ದರಿಂದ ದಿನ ಬೆಳಗಾದರೆ ನಾನು ಗರಿಕೆ ಹುಲ್ಲಿನ ಬೇಟೆಗೆ ಹೊರಡುವುದಾಯಿತು. "ಗಣಪತಿಗೆ ಇಪ್ಪತ್ತೊಂದು ಗರಿಕೆ ತಾರೋ ಅಂದರೆ ಸೊಂಟ ನೋವು ಅಂತಿದ್ದೆ. ಈಗ ಹೊರೆ ಹೊರೆ ತರ್ತೀಯ" ಎಂದರು ನಮ್ಮ ತಾಯಿ.

ಆದರೂ ಆ ಜೋಡಿ ಎಲ್ಲರನ್ನೂ ಒಲಿಸಿಕೊಂಡಿತು. ಸಂಜೆ ಬಾಗಿಲು ತೆಗೆದರೆ ಹಿತ್ತಲ ತುಂಬ ಓಟ. ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ಗಾಳಿಯಲ್ಲಿ ನೆಗೆದು, ಮೈಯನ್ನು ಒಂದು ಕಡೆಗೂ ಹಿಂಗಾಲನ್ನು ಇನ್ನೊಂದು ಕಡೆಗೂ ತಿರುಚಿ ಇಳಿಯುತ್ತಿದ್ದವು. ಅದು ಮೊಲದ ಸಂತೋಷ. ಹೆದರಿದರೆ ಹಿಂಗಾಲಿನಿಂದ ನೆಲವನ್ನು ಧಪ್ಪೆಂದು ಗುದ್ದುತ್ತಿದ್ದವು. ನಮ್ಮ ತಾಯಿಯ ದಾಸವಾಳದ ಕೆಳಗಿನ ಎಲೆಗಳೆಲ್ಲ ಹದಿನೈದು ದಿನದಲ್ಲಿ ಖಾಲಿ. ಒಮ್ಮೆ ಒಳಗೆ ನುಗ್ಗಿ ನನ್ನ ಮೊಬೈಲಿನ ಚಾರ್ಜರ್ ತಂತಿಯನ್ನು ಕತ್ತರಿಯಿಂದ ಕತ್ತರಿಸಿದಷ್ಟು ನೀಟಾಗಿ ಎರಡು ತುಂಡು ಮಾಡಿದವು. ನನ್ನಾಕೆ ಅಂದು ಅವಕ್ಕೆ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಹೆಚ್ಚಾಗಿಯೇ ಹಾಕಿದಳು. "ರಾತ್ರಿಯಾದರೂ ನಮ್ಮ ಜೊತೆ ಮಾತಾಡಿದಿರಲ್ಲ" ಎಂದಳು ನನ್ನೊಡನೆ.

ಒಂದು ದಿನ ಬೆಳಗ್ಗೆ ಪುಟ್ಟಿ ಮುಖ ಕಿವಿಚಿಕೊಂಡು ಓಡಿಬಂದಳು. ಲವ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿದೆಯಂತೆ. ಇದಕ್ಕೂ ಪುಸ್ತಕ ನೋಡಬೇಕಾಯಿತು. ಮೊಲದ ಹೊಟ್ಟೆಯಿಂದ ಎರಡು ಬಗೆಯ ಹಿಕ್ಕೆ ಬರುತ್ತದೆ. ಒಣಗಿದ ಗುಂಡುಗಳು ನಿಜವಾದ ಕಸ. ಮೆತ್ತನೆಯ, ಗೊಂಚಲಾದ ಇನ್ನೊಂದು ಬಗೆಯದರಲ್ಲಿ ಅರ್ಧ ಪಕ್ವವಾದ ಸತ್ವವೆಲ್ಲ ಇರುತ್ತದೆ. ಅದನ್ನು ಮತ್ತೆ ತಿಂದೇ ಮೊಲ ಬದುಕುವುದು. "ಹಸು ಮೆಲುಕು ಹಾಕುವುದಿಲ್ಲವೆ? ಅದು ಮೇಲಿನ ದಾರಿ, ಇದು ಕೆಳಗಿನ ದಾರಿ, ಅಷ್ಟೆ" ಎಂದು ವಿವರಿಸಿದೆ. ನನ್ನ ವಿವರಣೆ ನನಗೇ ಬಹಳ ಹಿಡಿಸಿತು. ಇಂಥ ಎರಡು ಮೂರು ವಿವರಣೆಗಳಾದ ಮೇಲೆ ಮೊಲದ ವಿಷಯದಲ್ಲಿ ನಾನು ಬಲ್ಲವನೆಂಬ ಭಾವನೆ ನನ್ನಲ್ಲಿ ಗಟ್ಟಿಯಾಯಿತು. ಅಪಾಯ ಶುರುವಾದದ್ದು ಅಲ್ಲಿಂದ.

ಮಾರ್ಚ್ ತಿಂಗಳ ಮೊದಲ ವಾರ. ಬಿಸಿಲು ಏರುತ್ತಿತ್ತು. ಮೊಲಕ್ಕೆ ಚಳಿಯಾದರೂ ಸೈರಣೆಯುಂಟು, ಸೆಕೆ ಆಗದು. ಮೈಯ ಕಾವನ್ನು ಹೊರಹಾಕಲು ಅದಕ್ಕಿರುವ ಮುಖ್ಯ ಸಾಧನ ಆ ಉದ್ದ ಕಿವಿಗಳೇ. ಗೂಡಿನ ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತಿದ್ದಾಗ ಕುಶನ ಎದೆಯ ಮೇಲೆ ಕೂದಲಿಲ್ಲದ್ದು ಕಾಣಿಸಿತು. ಕಜ್ಜಿ ಎಂದುಕೊಂಡು ಬೇವಿನ ಎಣ್ಣೆ ತರಲು ಒಳಗೆ ಹೋದೆ. ನಮ್ಮ ತಾಯಿ ಹಿತ್ತಲ ಮೆಟ್ಟಿಲ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು.

"ಎಣ್ಣೆ ಗಿಣ್ಣೆ ಹಚ್ಚಬೇಡವೋ. ಬೆಳಗ್ಗಿನಿಂದ ನೋಡ್ತಿದ್ದೇನೆ, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂಲೆಗೆ ಒಯ್ತಾ ಇದೆ. ಅದು ಬಸುರಿ ಕಣೋ" ಎಂದರು.

"ಅದು ಗಂಡಮ್ಮ. ಅಂಗಡಿಯವನು ನೋಡಿ ಹೇಳಿದ್ದಾನೆ. ನಾನೂ ನೋಡಿದ್ದೇನೆ."

ತಾಯಿ ಏನೂ ಹೇಳಲಿಲ್ಲ. ಹೂಬತ್ತಿಯನ್ನು ಇನ್ನೊಂದು ಸುತ್ತು ಹೊಸೆದರು. ಎಣ್ಣೆ ಹಚ್ಚಿಯೇಬಿಟ್ಟೆ.

ಮರುದಿನ ಬೆಳಗ್ಗೆ ಗೂಡಿನ ಮೂಲೆಯಲ್ಲಿ ಹುಲ್ಲಿನ ಮೇಲೆ ಕೂದಲಿನ ದೊಡ್ಡ ಗುಡ್ಡೆ. ಆ ಗುಡ್ಡೆ ಉಸಿರಾಡುತ್ತಿತ್ತು. ಮೇಲಿನ ಕೂದಲನ್ನು ಒಂದಿಷ್ಟು ಸರಿಸಿದರೆ, ಕೆಳಗೆ ಗುಲಾಬಿ ಬಣ್ಣದ, ಹೆಬ್ಬೆರಳಿನ ಗಾತ್ರದ ಆರು ಜೀವಗಳು. ಕಣ್ಣಿನ ಜಾಗದಲ್ಲಿ ಕಪ್ಪು ನೆರಳು, ಕಿವಿಯ ಜಾಗದಲ್ಲಿ ತಲೆಗೆ ಅಂಟಿದ ಎರಡು ಎಸಳು. ತಾಯಿಮೊಲ ತನ್ನ ಎದೆಯ ಕೂದಲನ್ನು ತಾನೇ ಕಿತ್ತು ಅವಕ್ಕೆ ಕಂಬಳಿ ಹೊದಿಸಿತ್ತು. ನಾನು ಕಜ್ಜಿಯೆಂದು ಎಣ್ಣೆ ಹಚ್ಚಿದ್ದು ಆ ಎದೆಗೆ.

ಮನೆಯಲ್ಲಿ ಹಬ್ಬವೇ ಆಯಿತು. ಪುಟ್ಟಿಯ ಗೆಳತಿಯರೆಲ್ಲ ಬಂದರು. ಕುಶನ ಹೆಸರನ್ನು ಬದಲಾಯಿಸಬೇಕಾಯಿತು. ಹೆಚ್ಚು ದೂರ ಹೋಗದೆ ಕುಸುಮ ಎಂದು ಮಾಡಿದೆವು. "ಕುಶ ಹೆತ್ತನಂತೆ!" ಎಂದು ಪಕ್ಕದ ಮನೆಯವರು ಒಂದು ವಾರ ನಕ್ಕರು. ನಾನೂ ನಕ್ಕೆ. ಆ ನಗೆ ಉಳಿದದ್ದು ಒಂದೇ ದಿನ.

ಅಂದು ಭಾನುವಾರ. ಬೆಳಗ್ಗಿನಿಂದ ಸಂಜೆಯವರೆಗೆ ನಾನು ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ತಾಯಿಮೊಲ ಒಂದು ಸಲವೂ ಮರಿಗಳ ಹತ್ತಿರ ಸುಳಿಯಲಿಲ್ಲ. ಇನ್ನೊಂದು ಮೂಲೆಯಲ್ಲಿ ಕುಳಿತು ಹುಲ್ಲು ಮೆಲ್ಲುತ್ತ, ಮುಖ ತೊಳೆದುಕೊಳ್ಳುತ್ತ, ತನಗೂ ಆ ಗುಡ್ಡೆಗೂ ಸಂಬಂಧವೇ ಇಲ್ಲವೆಂಬಂತಿತ್ತು. ಬೆಕ್ಕು ನಾಯಿಗಳು ಹೆತ್ತ ಮೇಲೆ ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಹಸು ಕರುವನ್ನು ನೆಕ್ಕಿ ನೆಕ್ಕಿ ಸಾಕಾಗುತ್ತದೆ. ಇದೆಂಥ ತಾಯಿ? ಮರಿಗಳು ಹಸಿವಿನಿಂದ ಸಾಯುತ್ತವೆ ಎಂದು ನನಗೆ ಗಾಬರಿಯಾಯಿತು.

"ಬಿಡೋ, ಅದಕ್ಕೆ ಗೊತ್ತು" ಎಂದರು ನಮ್ಮ ತಾಯಿ. "ನೀನು ಹೀಗೆ ಎದುರಿಗೆ ಕೂತರೆ ಯಾವ ತಾಯಿ ತಾನೇ ಹಾಲು ಕೊಟ್ಟೀತು?"

ಆರು ಮಕ್ಕಳನ್ನು ಹೆತ್ತು ನಾಲ್ವರನ್ನು ಉಳಿಸಿಕೊಂಡವರ ಮಾತು ಅದು. ನಾನು ಕೇಳಿದ್ದು ಅದನ್ನಲ್ಲ. ಮೊಬೈಲಿನಲ್ಲಿ ಯಾವನೋ ಮಹಾನುಭಾವ ಮೊಲದ ಮರಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡು ಹಾಲು ಕುಡಿಸುತ್ತಿದ್ದ ಚಿತ್ರವನ್ನು ನೋಡಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಸುವಿನ ಹಾಲನ್ನು ಬೆಚ್ಚಗೆ ಮಾಡಿ, ಕಣ್ಣಿಗೆ ಔಷಧಿ ಬಿಡುವ ಫಿಲ್ಲರನ್ನು ತೊಳೆದು ತೆಗೆದುಕೊಂಡು ಹಿತ್ತಲಿಗೆ ಹೋದೆ. ಆರರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡೆ. ಅಂಗೈ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಒಂದು ಹನಿ ಬಿಟ್ಟೆ. ಚಪ್ಪರಿಸಿತು. ನನಗೆ ಹಿಗ್ಗು. ಇನ್ನೊಂದು ಹನಿ, ಆಮೇಲೆ ಅವಸರದಲ್ಲಿ ಫಿಲ್ಲರಿನ ರಬ್ಬರನ್ನು ಕೊಂಚ ಜೋರಾಗಿಯೇ ಒತ್ತಿದೆ. ಅದರ ಮೂಗಿನಿಂದ ಹಾಲಿನ ಒಂದು ಗುಳ್ಳೆ ಹೊರಬಂತು. ಕಾಲುಗಳನ್ನು ಒದರಿತು. ಹೆದರಿ ಒರೆಸಿ, ಕೂದಲೊಳಗೆ ಮುಚ್ಚಿಟ್ಟು ಬಂದೆ. ಉಳಿದ ಐದಕ್ಕೆ ಕುಡಿಸುವ ಧೈರ್ಯ ಬರಲಿಲ್ಲ. ಆ ಐದೂ ಬದುಕಿದ್ದು ನನ್ನ ಹೇಡಿತನದಿಂದ.

ಬೆಳಗ್ಗೆ ನೋಡಿದವಳು ಪುಟ್ಟಿ. ಚಿಕ್ಕದು ಗುಡ್ಡೆಯ ಹೊರಗೆ ತಣ್ಣಗೆ ಬಿದ್ದಿತ್ತು. ಅವಳು ಅಳಲಿಲ್ಲ, ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತು, "ಯಾಕಪ್ಪ?" ಎಂದಳು.

ಓದುಗರೇ, ಆ ಒಂದು ಪದಕ್ಕೆ ಉತ್ತರ ನನ್ನ ಬಳಿ ಸಿದ್ಧವಾಗಿಯೇ ಇತ್ತು. ಆದರೆ ನನ್ನ ಬಾಯಿಂದ ಬಂದದ್ದು ಇನ್ನೊಂದು. "ಅದರ ಅಮ್ಮ ಹಾಲು ಕೊಡಲಿಲ್ಲ ಪುಟ್ಟಿ. ಕೆಲವು ತಾಯಂದಿರು ಹಾಗೆ" ಎಂದುಬಿಟ್ಟೆ.

ಪಾರಿಜಾತದ ಬುಡದಲ್ಲಿ ಗುಳಿ ತೋಡಿದೆವು. ಪುಟ್ಟಿ ಮೇಲೆ ಹೂ ಹಾಕಿದಳು. ಆಮೇಲೆ ಗೂಡಿನ ಹತ್ತಿರ ಹೋಗಿ ಕುಸುಮಳನ್ನು ನೋಡಿ, "ಕೆಟ್ಟ ಅಮ್ಮ" ಎಂದಳು. ಅಂದಿನಿಂದ ಅವಳು ಹುಲ್ಲು ಹಾಕುವುದು ಲವನಿಗೆ ಮಾತ್ರ. ಕುಸುಮ ತಂತಿಬಲೆಗೆ ಮೂಗು ಹಚ್ಚಿ ನಿಂತರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಯ ಕೋಪ, ಅದರಲ್ಲಿ ಸುಳ್ಳಿಲ್ಲ. ಸುಳ್ಳೆಲ್ಲ ನನ್ನದು.

ನಮ್ಮ ತಾಯಿಗೆ ಎಲ್ಲವೂ ತಿಳಿದಿತ್ತು. ಹಾಲಿನ ಪಾತ್ರೆ ಕಾಯುವವರಲ್ಲವೆ? ರಾತ್ರಿ ಅರ್ಧ ಲೋಟ ಹಾಲು ಕಡಮೆಯಾದದ್ದನ್ನೂ, ತೊಳೆಯದೆ ಬಿಟ್ಟ ಫಿಲ್ಲರನ್ನೂ ಅವರು ನೋಡಿದ್ದರು. ಮಧ್ಯಾಹ್ನ ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆಯೇ, "ಅದಕ್ಕೆ ಬಾಯಿಲ್ಲ ಅಂತ ಅದರ ಮೇಲೆ ಹಾಕಿದೆಯಲ್ಲೋ" ಎಂದರು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಪಶುವೈದ್ಯರನ್ನು ಕಂಡೆ. ಉಳಿದ ಐದು ಮರಿಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಹೊಟ್ಟೆ ನೋಡಿ, ಗುಂಡಗೆ ತುಂಬಿದೆ. ತಾಯಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದೆ" ಎಂದರು. ತೆಳ್ಳನೆಯ ಚರ್ಮದ ಕೆಳಗೆ ಹಾಲು ಬೆಳ್ಳಗೆ ಕಾಣುತ್ತಿತ್ತು. ಮೊಲ ಮರಿಗಳಿಗೆ ಮೊಲೆಯೂಡುವುದು ದಿನಕ್ಕೆ ಒಂದೇ ಸಲ, ಹೆಚ್ಚೆಂದರೆ ಎರಡು ಸಲ. ಅದೂ ಮೂರು ನಾಲ್ಕು ನಿಮಿಷ. ಸಾಮಾನ್ಯವಾಗಿ ಕತ್ತಲೆಯಲ್ಲಿ, ಬೆಳಗಿನ ಜಾವ. ಉಳಿದ ಹೊತ್ತೆಲ್ಲ ಅದು ದೂರವಿರುವುದು ನಿರ್ಲಕ್ಷ್ಯದಿಂದಲ್ಲ. ಬಿಲದ ಬಳಿ ಸುಳಿದಾಡಿದರೆ ನರಿ, ಮುಂಗುಸಿ ಮೊದಲಾದ ಶತ್ರುಗಳಿಗೆ ಮರಿಗಳ ಸುಳಿವು ಸಿಗುತ್ತದೆ. ಆದ್ದರಿಂದ ದೂರವಿರುವುದೇ ಅದರ ಕಾವಲು. ಒಂದೇ ಸಲ ಕೊಟ್ಟರೂ ಸಾಲುವಂತೆ ಅದರ ಹಾಲು ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು ಗಟ್ಟಿ. ಇಷ್ಟನ್ನೂ ಹೇಳಿ, ವೈದ್ಯರು, "ಯಾರಾದರೂ ಹಾಲು ಕುಡಿಸಿದಿರಾ?" ಎಂದು ಕೇಳಿದರು.

"ಸ್ವಲ್ಪ" ಎಂದೆ.

"ಅಂಗಾತ ಮಲಗಿಸಿಯೋ?"

ನಾನು ತಲೆಯಾಡಿಸಿದೆ. ಅವರು ಮತ್ತೇನೂ ಕೇಳಲಿಲ್ಲ. ಹಾಲು ಶ್ವಾಸಕ್ಕೆ ಹೋಗಿರಬೇಕು ಎಂದಷ್ಟೇ ಹೇಳಿ, ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹೊರಡುವಾಗ ಇನ್ನೊಂದು ಎಚ್ಚರಿಕೆ: "ಗಂಡನ್ನು ಇವತ್ತೇ ಬೇರೆ ಮಾಡಿ. ಹೆತ್ತ ದಿನವೇ ಮತ್ತೆ ಬಸುರಾಗುವ ಪ್ರಾಣಿ ಇದು. ಮೂವತ್ತೊಂದು ದಿನಕ್ಕೆ ಇನ್ನೊಂದು ಸೂಲು."

ಮೂವತ್ತೊಂದು ದಿನ! ಆ ರಾತ್ರಿ ನಾನು ಗಣಿತಕ್ಕೆ ಕುಳಿತೆ. ಇಟಲಿಯ ಫಿಬೊನಾಚಿ 1202ರಲ್ಲಿ ಬರೆದ ಗಣಿತಗ್ರಂಥದಲ್ಲಿ ಮೊಲದ ಲೆಕ್ಕ ಒಂದಿದೆ. ಒಂದು ಜೋಡಿ ತಿಂಗಳಿಗೊಂದು ಜೋಡಿ ಹೆರುತ್ತ, ಹುಟ್ಟಿದ ಜೋಡಿ ಎರಡನೆಯ ತಿಂಗಳಿಂದ ತಾನೂ ಹೆರತೊಡಗಿದರೆ ವರ್ಷದ ಕೊನೆಗೆ 377 ಜೋಡಿ. ಆ ಸಂಖ್ಯೆಗಳ ಸಾಲನ್ನು ಅದಕ್ಕೂ ಮೊದಲೇ ನಮ್ಮ ವಿರಹಾಂಕ, ಹೇಮಚಂದ್ರ ಮೊದಲಾದ ಛಂದಸ್ಸಿನವರು ಲಘು ಗುರುಗಳನ್ನು ಜೋಡಿಸುವಾಗ ಕಂಡುಕೊಂಡಿದ್ದರು. ಅವರು ಮಾತ್ರೆ ಎಣಿಸಿದರು, ಇಟಲಿಯವನು ಮೊಲ ಎಣಿಸಿದ. ಎಣಿಸದೆ ಕೆಟ್ಟವರೂ ಇದ್ದಾರೆ. 1859ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿದ. ಅವು ಇಡೀ ಖಂಡದ ಹುಲ್ಲನ್ನು ಮೇದುಬಿಟ್ಟವು. ಪಶ್ಚಿಮ ಆಸ್ಟ್ರೇಲಿಯದವರು 1901ರಿಂದ 1907ರವರೆಗೆ ಸಾವಿರಾರು ಮೈಲಿ ಬೇಲಿ ಕಟ್ಟಿದರು, ಮೊಲ ನಿಲ್ಲಲಿಲ್ಲ. ಕೊನೆಗೆ 1950ರಲ್ಲಿ ರೋಗಾಣುವನ್ನೇ ಹರಡಬೇಕಾಯಿತು. ಮೊಲದ ತಪ್ಪೇನೂ ಇಲ್ಲ. ಬಲ್ಲೆನೆಂದುಕೊಂಡ ಮನುಷ್ಯನದೇ ತಪ್ಪು. ಲವನನ್ನು ಅಂದೇ ಬಚ್ಚಲುಮನೆಯ ಪಕ್ಕದ ಕೋಣೆಗೆ ಸಾಗಿಸಿದೆ. ಮುಂದೆ ಅವನಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯೂ ಆಯಿತು. ನಮ್ಮ ಪುಣ್ಯಕ್ಕೆ ಮೂವತ್ತೊಂದನೆಯ ದಿನ ಏನೂ ಆಗಲಿಲ್ಲ.

ಇತ್ತ ಪುಟ್ಟಿಯ ಮುನಿಸು ಮುಗಿಯಲಿಲ್ಲ. ದಿನಕ್ಕೆರಡು ಸಲ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಶಾಲೆಯ ಹೊತ್ತಾಯಿತು, ಊಟದ ಹೊತ್ತಾಯಿತು ಎಂದು ಮುಚ್ಚುತ್ತಿದ್ದೆ. ಹೀಗೆ ಒಂದು ವಾರ. ಎಂಟನೆಯ ದಿನ ಬೆಳಗಿನ ಜಾವ ಐದಕ್ಕೆ ಎದ್ದು ಅವಳನ್ನು ಎಬ್ಬಿಸಿದೆ. "ಶಬ್ದ ಮಾಡಬೇಡ, ಬಾ" ಎಂದು ಕೈಹಿಡಿದು ಹಿತ್ತಲ ಬಾಗಿಲಲ್ಲಿ ಕೂರಿಸಿಕೊಂಡೆ. ಪಾರಿಜಾತದ ಕೆಳಗೆ ಇನ್ನೂ ಕತ್ತಲೆ. ಬಹಳ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ಕುಸುಮ ಎದ್ದಿತು. ಕಿವಿ ನೆಟ್ಟಗೆ ಮಾಡಿ ನಾಲ್ಕೂ ಕಡೆ ಆಲಿಸಿತು. ಮೆಲ್ಲನೆ ಮೂಲೆಗೆ ಹೋಗಿ ಗುಡ್ಡೆಯ ಮೇಲೆ ಮೈಯಿಟ್ಟು ನಿಂತಿತು. ಮಲಗಲಿಲ್ಲ, ನೆಕ್ಕಲಿಲ್ಲ, ಸುಮ್ಮನೆ ನಿಂತಿತು. ಕೂದಲಿನೊಳಗಿನಿಂದ ಐದು ಮರಿಗಳು ಬುಳುಬುಳು ಮೇಲೆದ್ದು, ಅಂಗಾತ ಬಿದ್ದು, ಅದರ ಹೊಟ್ಟೆಗೆ ಕಚ್ಚಿಕೊಂಡವು. ಚೀಪುವ ಶಬ್ದ ನಮಗೂ ಕೇಳಿಸಿತು. ಮೂರು ನಿಮಿಷ. ಸಮಯ ಮುಗಿಯಿತೆಂಬಂತೆ ತಾಯಿ ಒಂದೇ ನೆಗೆತಕ್ಕೆ ಹೊರಬಂದು, ತನ್ನ ಮೂಲೆಗೆ ಹೋಗಿ, ಏನೂ ಆಗಲೇ ಇಲ್ಲವೆಂಬಂತೆ ಮುಖ ತೊಳೆದುಕೊಳ್ಳತೊಡಗಿತು.

ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಆ ಮರಿಗೆ ಮಾತ್ರ ಯಾಕೆ ಕೊಡಲಿಲ್ಲ?" ಎಂದಳು.

"ಅದಕ್ಕೂ ಕೊಟ್ಟಿತ್ತು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹಾಲು, ಫಿಲ್ಲರು, ಗುಳ್ಳೆ, ಸುಳ್ಳು, ಒಂದನ್ನೂ ಬಿಡಲಿಲ್ಲ. ಒಳ್ಳೆಯದಾಗಲೆಂದೇ ಮಾಡಿದೆ ಎಂದು ಕೊನೆಯಲ್ಲಿ ಸೇರಿಸಬೇಕೆಂದಿದ್ದೆ. ಅದು ನಿಜವೂ ಹೌದು. ಆದರೆ ಹೇಳಲು ನಾಚಿಕೆಯಾಯಿತು.

ಅವಳು ನನ್ನ ಕೈಯಿಂದ ತನ್ನ ಕೈಯನ್ನು ಬಿಡಿಸಿಕೊಂಡಳು. ದಾಸವಾಳದ ಗಿಡದ ಹತ್ತಿರ ಹೋಗಿ, ಮೊಲಕ್ಕೆ ನಿಲುಕದ ಎತ್ತರದಲ್ಲಿದ್ದ ಎಳೆಯ ಎಲೆಗಳನ್ನು ಕಿತ್ತು ತಂದು ಕುಸುಮಳ ಮುಂದೆ ಹಾಕಿದಳು. ಒಂದು ವಾರದಿಂದ ಹಾಕದೆ ಇದ್ದುದನ್ನೆಲ್ಲ ಒಟ್ಟಿಗೆ ಹಾಕುವವಳಂತೆ ಹಾಕುತ್ತಲೇ ಇದ್ದಳು. ತಂತಿಬಲೆಯೊಳಗೆ ಬೆರಳು ತೂರಿಸಿ ಅದರ ಹಣೆ ಸವರುತ್ತ ಏನೋ ಪಿಸುಗುಟ್ಟಿದಳು. ಕ್ಷಮೆ ಕೇಳಿದಳೋ ಏನೋ. ಕೇಳಬೇಕಾದವನು ಬಾಗಿಲಲ್ಲಿ ಕುಳಿತಿದ್ದ.

ಎರಡು ದಿನ ಪುಟ್ಟಿ ನನ್ನೊಡನೆ ಮಾತಾಡಲಿಲ್ಲ. "ಪುಟ್ಟಿ, ನೀರು ಕೊಡು" ಎಂದರೆ ತಂದಿಟ್ಟು ಹೋಗುತ್ತಿದ್ದಳು. ನನ್ನಾಕೆ, "ಏನೂಂದ್ರೆ, ನಾನೊಂದು ಮಾತು ಹೇಳಲೇ ಅವಳಿಗೆ?" ಎಂದಳು. ಬೇಡವೆಂದೆ. ಎರಡು ದಿನ ಹೆಚ್ಚೇನೂ ಅಲ್ಲ. ಕುಸುಮ ಒಂದು ವಾರ ಅನುಭವಿಸಿತ್ತು.

ಮೂರನೆಯ ದಿನ ಬೆಳಗ್ಗೆ ನಾನು ಪತ್ರಿಕೆ ಓದುತ್ತಿದ್ದೆ. ಹಿತ್ತಲಿಂದ ಕೂಗು: "ಅಪ್ಪಾ, ಕಣ್ಣು ಬಿಟ್ಟಿದೆ! ಬೇಗ ಬಾ!"

ಓಡಿದೆ. ಅಷ್ಟು ಹೊತ್ತಿಗೆ ಮರಿಗಳ ಮೈಮೇಲೆ ಮಖಮಲ್ಲಿನಂಥ ಕೂದಲು ಬಂದಿತ್ತು. ಪುಟ್ಟಿಯ ಅಂಗೈ ಮೇಲಿದ್ದ ಒಂದು ಮರಿ ಮೊತ್ತಮೊದಲ ಬಾರಿಗೆ ಲೋಕವನ್ನು ನೋಡುತ್ತಿತ್ತು. ಅದು ಕಂಡ ಲೋಕ ಎಂದರೆ, ಗಡ್ಡ ಬೋಳಿಸಿಕೊಳ್ಳದ ನನ್ನ ಮುಖ. ಆದರೂ ಹೆದರಲಿಲ್ಲ.

ಮೂರು ವಾರವಾಗುವಷ್ಟರಲ್ಲಿ ಐದೂ ಗೂಡಿನಿಂದ ಹೊರಗೆ ಬಂದು ಹುಲ್ಲು ಕಚ್ಚತೊಡಗಿದವು. ಏಪ್ರಿಲ್ ಮುಗಿಯುವ ಹೊತ್ತಿಗೆ ತಾಯಿಯ ಹಾಲು ಬಿಟ್ಟಿದ್ದವು. ಇನ್ನು ಅವಕ್ಕೆ ಮನೆ ಹುಡುಕಬೇಕು. ಒಬ್ಬಾತ ಬಂದು, ಐದನ್ನೂ ನೋಡಿ, ಒಂದನ್ನು ಕೈಯಲ್ಲಿ ತೂಗಿ, "ಇನ್ನೆರಡು ತಿಂಗಳು ಬೆಳೆಸಿ ಸಾರ್, ಕಿಲೋ ಲೆಕ್ಕದಲ್ಲಿ ಒಳ್ಳೆಯ ರೇಟು ಕೊಡ್ತೀನಿ" ಎಂದ. ಆತನದೇನೂ ತಪ್ಪಲ್ಲ, ಅವನ ಕಸುಬು ಅದು. ಆದರೆ ಪುಟ್ಟಿ ಅವನ ಕೈಯಿಂದ ಮರಿಯನ್ನು ಇಸಿದುಕೊಂಡು ಒಳಗೆ ಹೋದವಳು, ಆತ ಬೀದಿಯ ತಿರುವು ದಾಟುವವರೆಗೆ ಹೊರಗೆ ಬರಲಿಲ್ಲ. ಅಂದಿನಿಂದ ಮರಿ ಕೇಳಲು ಬಂದವರನ್ನೆಲ್ಲ ಅವಳೇ ಸಂದರ್ಶನ ಮಾಡಿದಳು. ಮನೆಯಲ್ಲಿ ನಾಯಿ ಇದೆಯೆ? ಬಿಸಿಲು ಬೀಳುತ್ತದೆಯೆ? ಹುಲ್ಲು ಎಲ್ಲಿಂದ ತರುತ್ತೀರಿ? ಗಂಡೋ ಹೆಣ್ಣೋ ಡಾಕ್ಟರಿಗೆ ತೋರಿಸಿದ್ದೀರಾ? ಈ ಕೊನೆಯ ಪ್ರಶ್ನೆ ಕೇಳುವಾಗ ನನ್ನ ಕಡೆಗೊಮ್ಮೆ ನೋಡುತ್ತಿದ್ದಳು. ಎರಡು ಮರಿ ಅವಳ ಶಾಲೆಯ ಟೀಚರ ಮನೆಗೆ ಹೋದವು, ಎರಡು ಬೀದಿಯ ಕೊನೆಯ ನಿವೃತ್ತ ದಂಪತಿಗಳ ಮನೆಗೆ. ಒಂದು ನಮ್ಮಲ್ಲಿಯೇ ಉಳಿಯಿತು.

ಮರಿಗಳನ್ನು ಒಯ್ದವರಿಗೆ ಪುಟ್ಟಿ ಒಂದೊಂದು ಚೀಟಿ ಬರೆದುಕೊಟ್ಟಳು. ಗೆರೆ ಹಾಕಿದ ಹಾಳೆ, ದುಂಡನೆಯ ಅಕ್ಷರ. ಕಳುಹಿಸುವ ಮೊದಲು ನನಗೆ ತೋರಿಸಿದಳು. ಕಾಗುಣಿತ ತಿದ್ದಲೆಂದು ಕನ್ನಡಕ ಹಾಕಿಕೊಂಡು ಓದಿದೆ.

"ಒಂದು. ಕಿವಿ ಹಿಡಿದು ಎತ್ತಬಾರದು. ಎರಡು. ಕ್ಯಾರೆಟ್ ಸ್ವಲ್ಪ, ಹುಲ್ಲು ತುಂಬಾ. ಮೂರು. ಬೇಸಿಗೆಯಲ್ಲಿ ಒದ್ದೆ ಗೋಣಿ. ನಾಲ್ಕು. ಮರಿ ಹಾಕಿದರೆ ಅದರ ಅಮ್ಮನಿಗೆ ಬಿಟ್ಟುಬಿಡಿ. ಐದು. ಏನಾದರೂ ಗೊತ್ತಾಗದಿದ್ದರೆ ನಮ್ಮ ಅಜ್ಜಿಯನ್ನು ಕೇಳಿ."

ತಿದ್ದುವಂಥದ್ದೇನೂ ಇರಲಿಲ್ಲ. ಹಾಗೆಯೇ ಮಡಿಸಿ ಕೊಟ್ಟೆ.